ಶವರ್ ನೀರಿನ ಹದ ಏಕೆ ತಪ್ಪುತ್ತದೆ? ಗೀಸರ್ ಬದಲಿಸುವ ಮೊದಲು ಬಕೆಟ್ ಇಟ್ಟು ನೋಡಿ

ನಮ್ಮ ಮನೆಗೆ ಹೊಸ ಗೀಸರ್ ಬಂದು ಹದಿನೈದು ದಿನವಾಗಿತ್ತು, ಹಳೆಯ ತೊಂದರೆ ಹಾಗೆಯೇ ಇತ್ತು. ಕೆಲವು ದಿನ ಶವರ್‌ನಿಂದ ಸೊಗಸಾದ ಬಿಸಿನೀರು ಬರುತ್ತಿತ್ತು. ಇನ್ನು ಕೆಲವು ದಿನ ಬಿಸಿನೀರು ತಣ್ಣೀರು ಬೆರೆಸುವ ನಲ್ಲಿಯ, ಅಂದರೆ ಮಿಕ್ಸರ್‌ನ, ಹಿಡಿಯನ್ನು ಪೂರ್ತಿ ಬಿಸಿಯ ಕಡೆಗೆ ತಿರುಗಿಸಿ ಎಷ್ಟು ಹೊತ್ತು ಬಿಟ್ಟರೂ ನೀರು ಉಗುರುಬೆಚ್ಚಗೆಯ ಗಡಿ ದಾಟುತ್ತಿರಲಿಲ್ಲ. ಕರೆಸಿದ ಕೆಲಸಗಾರರು ಮೊದಲು ಗೀಸರ್‌ನ ಬಿಸಿಯನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟ್ ಬದಲಿಸಿದರು, ಆಮೇಲೆ ನೀರು ಕಾಯಿಸುವ ಕಾಯಿಲ್ ಬದಲಿಸಿದರು, ಕೊನೆಗೆ ‘15 ಲೀಟರ್ ಸಾಲುವುದಿಲ್ಲ, 25 ಲೀಟರಿನದು ಹಾಕಿಸಿ’ ಎಂದರು. ಹಾಕಿಸಿದೆವು. ನೀರು ತನ್ನ ಚಾಳಿ ಬಿಡಲಿಲ್ಲ. ತಪ್ಪು ಇದ್ದದ್ದು ಗೋಡೆಯ ಆಚೆ ಬದಿಯ ಇನ್ನೊಂದು ಬಚ್ಚಲಿನಲ್ಲಿ. ಅದನ್ನು ಹಿಡಿಯಲು ಕೊನೆಗೆ ಬೇಕಾದದ್ದು ಒಂದು ಬಕೆಟ್, ಒಂದು ಗಡಿಯಾರ, ನೀರಿನ ಬಿಸಿ ಅಳೆಯುವ ಒಂದು ಥರ್ಮಾಮೀಟರ್ ಮತ್ತು ಅರ್ಧ ಗಂಟೆಯ ತಾಳ್ಮೆ. ಆ ಅರ್ಧ ಗಂಟೆಯನ್ನು ಮೊದಲೇ ಕೊಟ್ಟಿದ್ದರೆ ಸಾವಿರಾರು ರೂಪಾಯಿ ಉಳಿಯುತ್ತಿತ್ತು. ಹಾಗಾಗಿಯೇ ಇದನ್ನು ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಹಂಡೆಯ ಕಾಲದಲ್ಲಿ ಈ ತೊಂದರೆ ಇರಲಿಲ್ಲ. ಬಚ್ಚಲೊಲೆಗೆ ಅಡಿಕೆ ಸಿಪ್ಪೆಯನ್ನೋ ತೆಂಗಿನ ಗರಿಯನ್ನೋ ಒಡ್ಡಿ ಕಾಯಿಸಿದ ನೀರನ್ನು ಬಕೆಟ್‌ಗೆ ತೋಡಿ, ತಣ್ಣೀರು ಬೆರೆಸಿ, ಕೈಯಾಡಿಸಿ ಹದ ನೋಡಿದ ಮೇಲೆಯೇ ಮೊದಲ ಚೊಂಬು ಮೈಮೇಲೆ ಬೀಳುತ್ತಿತ್ತು. ಬೆರಕೆ ಮುಗಿದ ಮೇಲೆ ಸ್ನಾನ. ಶವರ್‌ನಲ್ಲಿ ಬೆರಕೆ ಮತ್ತು ಸ್ನಾನ ಎರಡೂ ಒಟ್ಟಿಗೆ ನಡೆಯುತ್ತವೆ. ಮಿಕ್ಸರ್‌ನ ಹೊಟ್ಟೆಯಲ್ಲಿ ಬಿಸಿ ಕೊಳವೆಯ ನೀರು, ತಣ್ಣನೆಯ ಕೊಳವೆಯ ನೀರು ಸೇರಿ ಒಂದೆರಡು ಸೆಕೆಂಡಿನಲ್ಲಿ ಮೈಮೇಲಿರುತ್ತದೆ. ಎರಡರಲ್ಲಿ ಒಂದರ ಹರಿವು ತುಸು ಏರುಪೇರಾದರೂ ಚರ್ಮಕ್ಕೆ ಕೂಡಲೇ ತಿಳಿಯುತ್ತದೆ. ಆದ್ದರಿಂದ ಹುಡುಕಾಟವನ್ನು ಎರಡು ಪ್ರಶ್ನೆಗಳಾಗಿ ಬಿಡಿಸಿಕೊಳ್ಳಬೇಕು. ನೀರು ಸಾಕಷ್ಟು ಕಾಯುತ್ತಿದೆಯೇ? ಕಾದ ನೀರು ಕಾದ ಹಾಗೆಯೇ ಮಿಕ್ಸರ್‌ವರೆಗೆ ಬಂದು ಸರಿಯಾಗಿ ಬೆರೆಯುತ್ತಿದೆಯೇ? ಈ ಎರಡನ್ನು ಬೇರ್ಪಡಿಸದೆ ಗೀಸರ್ ಬಿಚ್ಚುವುದು ನಾಡಿ ನೋಡದೆ ಔಷಧಿ ಕೊಟ್ಟ ಹಾಗೆ.

ಬಕೆಟ್ ಪರೀಕ್ಷೆ

ಬೆಂಗಳೂರಿನ ಮನೆಗಳಲ್ಲಿ ಹೆಚ್ಚಾಗಿ ಕಾಣುವ 15 ಅಥವಾ 25 ಲೀಟರ್ ಗೀಸರ್‌ನಿಂದ ಆರಂಭಿಸೋಣ. ಬೆಳಿಗ್ಗೆ ಯಾರೂ ನೀರು ಬಳಸುವ ಮೊದಲು ಗೀಸರ್ ಹಾಕಿ, ದೀಪ ಆರುವವರೆಗೆ ಬಿಡಿ. ದೀಪ ಆರಿತೆಂದರೆ ಥರ್ಮೋಸ್ಟಾಟ್ ತನ್ನ ಗುರಿ ಮುಟ್ಟಿ ವಿದ್ಯುತ್ತನ್ನು ಕತ್ತರಿಸಿದೆ ಎಂದರ್ಥ. ಈಗ ಸ್ವಿಚ್ ಆರಿಸಿ. ಶವರ್ ಬೇಡ, ಕೆಳಗಿನ ನಲ್ಲಿಯನ್ನು ಬಿಸಿಯ ಕಡೆಗೆ ಮಾತ್ರ ತೆರೆದು ಬಕೆಟ್‌ಗೆ ನೀರು ಬಿಡಿ. ಒಂದೆರಡು ಲೀಟರ್ ಹೋದ ಮೇಲೆ ಒಂದು ಮಗ್ಗು ಹಿಡಿದು ಅಳೆಯಿರಿ, ಐದಾರು ಲೀಟರ್ ಆದ ಮೇಲೆ ಇನ್ನೊಂದು ಮಗ್ಗು, ಹತ್ತಾದ ಮೇಲೆ ಮತ್ತೊಂದು. ಬಕೆಟ್ ತುಂಬಲು ಹಿಡಿದ ಸಮಯವನ್ನೂ ಬರೆದುಕೊಳ್ಳಿ. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಆಗುವುದಿಲ್ಲ, ಅದರ ಅಳತೆ 42–43 ಡಿಗ್ರಿಯ ಆಸುಪಾಸಿನಲ್ಲಿ ಮುಗಿಯುತ್ತದೆ. ಅಡುಗೆಗೆ ಬಳಸುವ, ಉದ್ದ ಕಡ್ಡಿಯ ಡಿಜಿಟಲ್ ಥರ್ಮಾಮೀಟರ್ ಸಾಕು. ನೀರು 60 ಡಿಗ್ರಿ ಇರಬಹುದು, ಅಷ್ಟು ಬಿಸಿ ಕೆಲವೇ ಸೆಕೆಂಡುಗಳಲ್ಲಿ ಚರ್ಮವನ್ನು ಸುಡುತ್ತದೆ. ಮಕ್ಕಳನ್ನು ದೂರವಿಡಿ, ಕೈಯಿಂದ ಹದ ನೋಡಬೇಡಿ.

ಆರೋಗ್ಯವಾಗಿರುವ 15 ಲೀಟರ್ ಗೀಸರ್ ಹೆಚ್ಚು ಕಡಿಮೆ ಹತ್ತು ಲೀಟರ್‌ವರೆಗೆ ತನ್ನ ಬಿಸಿಯನ್ನು ಅಷ್ಟಾಗಿ ಬಿಟ್ಟುಕೊಡುವುದಿಲ್ಲ, ಆಮೇಲೆ ಬೇಗ ಇಳಿಯುತ್ತದೆ. ಇದಕ್ಕೆ ಕಾರಣ ಸರಳ. ಬಿಸಿನೀರು ಹಗುರ, ಮೇಲೆ ನಿಲ್ಲುತ್ತದೆ. ತಣ್ಣೀರು ಭಾರ, ತಳದಲ್ಲಿ ಕೂರುತ್ತದೆ. ಗೋಡೆಗೆ ನೇತುಹಾಕುವ ಗೀಸರ್‌ನ ಕೆಳಗೆ ಎರಡು ಮೂತಿಗಳಿರುತ್ತವೆ. ನೀಲಿ ಗುರುತಿನದು ತಣ್ಣೀರನ್ನು ತಳದಲ್ಲಿಯೇ ಮೆಲ್ಲಗೆ ಬಿಡುತ್ತದೆ. ಕೆಂಪು ಗುರುತಿನದಕ್ಕೆ ಒಳಗೆ ಉದ್ದನೆಯ ಕೊಳವೆ ಇದ್ದು, ಅದು ತೊಟ್ಟಿಯ ನೆತ್ತಿಯಿಂದ ಬಿಸಿನೀರನ್ನು ಎಳೆಯುತ್ತದೆ. ಹೊಸ ನೀರು ಹಳೆಯ ಬಿಸಿನೀರನ್ನು ಕೆಳಗಿನಿಂದ ಮೇಲಕ್ಕೆ ತಳ್ಳಿ ಹೊರಗೆ ಕಳಿಸುವ ಏರ್ಪಾಡು ಇದು.

ಈ ಏರ್ಪಾಡು ಕೆಟ್ಟರೆ ಏನಾಗುತ್ತದೆಂದು ಈಗ ಊಹಿಸಬಹುದು. ಜೋಡಿಸುವಾಗ ನೀಲಿ ಮತ್ತು ಕೆಂಪು ಅದಲುಬದಲಾದರೆ ತಣ್ಣೀರು ನೆತ್ತಿಯ ಮೇಲೆ ಬಂದು ಬೀಳುತ್ತದೆ, ತಳದ ನೀರು ಹೊರಗೆ ಹೋಗುತ್ತದೆ. ತೊಟ್ಟಿ ತುಂಬ ಬಿಸಿನೀರಿದ್ದರೂ ನಲ್ಲಿಯಲ್ಲಿ ಬರುವುದು ಬೆಚ್ಚನೆಯ ಕಲಬೆರಕೆ. ಒಳಗಿನ ಉದ್ದ ಕೊಳವೆ ತುಕ್ಕು ಹಿಡಿದು ತೂತಾದರೂ ಇದೇ ಫಲ. ಹೊಸದಾಗಿ ಗೀಸರ್ ಹಾಕಿಸಿದ ಮೊದಲ ದಿನದಿಂದಲೇ ನೀರು ಬೆಚ್ಚಗಿದ್ದರೆ ಬಣ್ಣದ ಗುರುತುಗಳನ್ನು ನೋಡಿ. ಐದಾರು ವರ್ಷ ಚೆನ್ನಾಗಿದ್ದು ಈಗ ಹೀಗಾಗಿದ್ದರೆ ಒಳಗಿನ ಕೊಳವೆಯ ಮೇಲೆ ಅನುಮಾನ ಪಡಿ.

ಬಕೆಟ್‌ನಲ್ಲಿ ನೀರು ಸುಡುವಷ್ಟು ಬಿಸಿಯಿದ್ದು, ಹತ್ತು ಲೀಟರ್‌ವರೆಗೂ ಹಾಗೆಯೇ ನಿಂತರೆ ಗೀಸರ್ ನಿರಪರಾಧಿ. ಅದನ್ನು ಬಿಚ್ಚುವ ಮಾತನ್ನು ಅಲ್ಲಿಗೇ ನಿಲ್ಲಿಸಬಹುದು.

ಮುಗಿದುಹೋಗುವುದು ರೋಗವಲ್ಲ

‘ಎರಡು ನಿಮಿಷ ಬಿಸಿ, ಆಮೇಲೆ ತಣ್ಣಗೆ’ ಎಂಬುದು ತುಂಬಾ ಸಾಮಾನ್ಯ ದೂರು. ಇದನ್ನು ಲೆಕ್ಕ ಹಾಕಿ ನೋಡಬೇಕು. ಡಿಸೆಂಬರ್ ಬೆಳಿಗ್ಗೆ ತಾರಸಿಯ ತೊಟ್ಟಿಯ ನೀರು 20 ಡಿಗ್ರಿ, ಗೀಸರ್‌ನದು 60 ಡಿಗ್ರಿ, ಸ್ನಾನಕ್ಕೆ ಹಿತವಾದದ್ದು 40 ಡಿಗ್ರಿ ಎಂದಿಟ್ಟುಕೊಳ್ಳೋಣ. ಒಂದು ಲೀಟರ್ ಬಿಸಿಗೆ ಒಂದು ಲೀಟರ್ ತಣ್ಣೀರು ಸೇರಿದರೆ 40. ಅಂದರೆ 15 ಲೀಟರ್ ಗೀಸರ್‌ನಿಂದ ಕಾಗದದ ಮೇಲೆ 30 ಲೀಟರ್ ಹದವಾದ ನೀರು. ಒಳಗೆ ನಡೆಯುವ ಕಲಬೆರಕೆಯನ್ನು ಕಳೆದರೆ 25ರ ಆಸುಪಾಸು. ಬಕೆಟ್ ಸ್ನಾನಕ್ಕೆ ಇದು ಧಾರಾಳ. ಆದರೆ ಈಗಿನ ತಟ್ಟೆಯಗಲದ ‘ಮಳೆ’ ಶವರ್‌ಗಳು ನಿಮಿಷಕ್ಕೆ 10–12 ಲೀಟರ್ ಸುರಿಸಬಲ್ಲವು. 25 ಲೀಟರ್ ಎರಡೂವರೆ ನಿಮಿಷದಲ್ಲಿ ಖಾಲಿ. ಬಚ್ಚಲನ್ನು ನವೀಕರಿಸಿ ದೊಡ್ಡ ಶವರ್ ಹಾಕಿಸಿದ ಮನೆಯಲ್ಲಿ ಮರುದಿನವೇ ‘ಗೀಸರ್ ಕೆಟ್ಟಿತು’ ಎಂಬ ಮಾತು ಕೇಳಿಬರಲು ಇದೇ ಕಾರಣ. ನಿಮ್ಮ ಶವರ್ ಎಷ್ಟು ಸುರಿಸುತ್ತದೆಂದು ತಿಳಿಯಲು ಅದರ ಕೆಳಗೆ ಬಕೆಟ್ ಇಟ್ಟು ಒಂದು ನಿಮಿಷ ಬಿಡಿ. ನಿಮಿಷಕ್ಕೆ ಆರೇಳು ಲೀಟರ್ ಕೊಡುವ ಶವರ್ ತಲೆ ಹಾಕಿದರೆ ಅದೇ ಗೀಸರ್ ಹೆಚ್ಚು ಹೊತ್ತು ಬರುತ್ತದೆ.

ಮುಗಿದ ಮೇಲೆ ಮತ್ತೆ ಕಾಯಲು ಎಷ್ಟು ಹೊತ್ತು? ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು ಸುಮಾರು 4.2 ಕಿಲೋಜೂಲ್ ಶಕ್ತಿ ಬೇಕು. ಒಂದು ಕಿಲೋವ್ಯಾಟ್ ಎಂದರೆ ಸೆಕೆಂಡಿಗೆ ಒಂದು ಕಿಲೋಜೂಲ್. 15 ಲೀಟರನ್ನು 20ರಿಂದ 60ಕ್ಕೆ ಏರಿಸಲು ಎರಡು ಕಿಲೋವ್ಯಾಟ್ ಕಾಯಿಲ್‌ಗೆ ಸುಮಾರು 21 ನಿಮಿಷ, 25 ಲೀಟರಿಗೆ 35 ನಿಮಿಷ. ಎರಡನೆಯವರು ಹತ್ತು ನಿಮಿಷದ ಅಂತರದಲ್ಲಿ ಸ್ನಾನಕ್ಕೆ ಇಳಿದರೆ ಅವರಿಗೆ ಅರೆಬೆಂದ ನೀರೇ ಗತಿ. ವೋಲ್ಟೇಜ್ ಇಳಿದರೆ ಕಾಯುವಿಕೆ ಇನ್ನೂ ಉದ್ದವಾಗುತ್ತದೆ. ಕಾಯಿಲ್‌ನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಬದಲಾಗುವುದರಿಂದ 230 ವೋಲ್ಟ್ 200ಕ್ಕೆ ಇಳಿದರೆ ಎರಡು ಕಿಲೋವ್ಯಾಟ್ ಕಾಯಿಲ್ ಒಂದೂವರೆ ಕಿಲೋವ್ಯಾಟ್‌ನದಾಗುತ್ತದೆ. 21 ನಿಮಿಷ 28 ಆಗುತ್ತದೆ. ಊರಿನ ಮನೆಯಲ್ಲಿ ಸಂಜೆ ದೀಪಗಳು ಮಂಕಾಗುವ ಹೊತ್ತಿಗೆ ಗೀಸರ್ ಸೋಮಾರಿಯಾದಂತೆ ಕಾಣುವುದು ಇದರಿಂದ.

ಬೆರಕೆಯ ಸೂಕ್ಷ್ಮ

ಸ್ನಾನದ ನಡುವೆ ಇದ್ದಕ್ಕಿದ್ದಂತೆ ನೀರು ಸುಟ್ಟು, ಅರ್ಧ ನಿಮಿಷದಲ್ಲಿ ತಾನೇ ಸರಿಹೋಗುವುದುಂಟು. ಅದೇ ಹೊತ್ತಿಗೆ ಯಾರೋ ಫ್ಲಶ್ ಮಾಡಿರುತ್ತಾರೆ, ಇಲ್ಲವೇ ಬಟ್ಟೆ ಒಗೆಯುವ ಯಂತ್ರ ನೀರು ತುಂಬಿಕೊಳ್ಳುತ್ತಿರುತ್ತದೆ. ತಣ್ಣೀರಿನ ಒಂದೇ ಕೊಳವೆ ಎಲ್ಲರಿಗೂ ಹಂಚಿಹೋಗುವಾಗ ನಿಮ್ಮ ಪಾಲು ಕುಗ್ಗುತ್ತದೆ, ಬಿಸಿಯ ಪಾಲು ಹಾಗೆಯೇ ಇರುತ್ತದೆ. ಮೇಲಿನ ಲೆಕ್ಕದಲ್ಲಿಯೇ ತಣ್ಣೀರು ಅರ್ಧಕ್ಕೆ ಇಳಿದರೆ 40 ಡಿಗ್ರಿಯ ನೀರು ಸುಮಾರು 47 ಡಿಗ್ರಿ ಆಗುತ್ತದೆ. ಆ ಏಳು ಡಿಗ್ರಿ ಮೈಗೆ ದೊಡ್ಡದು.

ಇಲ್ಲಿ ಹೆಚ್ಚಿನವರು ಗಮನಿಸದ ಒಂದು ಸಂಗತಿ ಇದೆ. ಗೀಸರನ್ನು ಹೆಚ್ಚು ಬಿಸಿಗೆ ಇಟ್ಟಷ್ಟೂ ಈ ಏರುಪೇರು ಜೋರಾಗುತ್ತದೆ. 75 ಡಿಗ್ರಿಗೆ ಇಟ್ಟಿದ್ದರೆ ಹದಕ್ಕೆ ತಣ್ಣೀರೇ ಹೆಚ್ಚು ಬೇಕು, ಆದ್ದರಿಂದ ತಣ್ಣೀರು ಅರ್ಧವಾದಾಗ ನೀರು 49 ಮುಟ್ಟುತ್ತದೆ. 50ಕ್ಕೆ ಇಟ್ಟಿದ್ದರೆ ಅದೇ ಪೆಟ್ಟಿಗೆ 44ಕ್ಕೆ ನಿಲ್ಲುತ್ತದೆ. ಬಿಸಿ ಸಾಲದೆಂದು ಥರ್ಮೋಸ್ಟಾಟ್ ಏರಿಸುತ್ತಾ ಹೋದವರು ಹದವನ್ನು ಇನ್ನಷ್ಟು ಕೈತಪ್ಪಿಸಿಕೊಳ್ಳುತ್ತಾರೆ. ಹಾಗೆಂದು ತೀರಾ ಕೆಳಗಿಡುವುದೂ ಸರಿಯಲ್ಲ; ನಿಂತ ಬೆಚ್ಚನೆಯ ನೀರಿನಲ್ಲಿ ಲೀಜಿಯೊನೆಲ್ಲಾದಂಥ ಬ್ಯಾಕ್ಟೀರಿಯಾ ಬೆಳೆಯುತ್ತದೆ. 60ರ ಹತ್ತಿರ ಇಡುವುದು ನನ್ನ ದೃಷ್ಟಿಯಲ್ಲಿ ಒಳ್ಳೆಯ ನಡುದಾರಿ. ಪುಟ್ಟ ಮಕ್ಕಳು, ವಯಸ್ಸಾದವರು ಇರುವ ಮನೆಯಲ್ಲಿ ಹಣ ಖರ್ಚು ಮಾಡುವುದಾದರೆ ದೊಡ್ಡ ಗೀಸರ್‌ಗಿಂತ ಥರ್ಮೋಸ್ಟಾಟಿಕ್ ಮಿಕ್ಸರ್‌ಗೆ ಮಾಡುವುದು ಮೇಲು. ಅದು ಬೆರಕೆಯ ಬಿಸಿಯನ್ನು ತಾನೇ ಗ್ರಹಿಸಿ ಎರಡೂ ಕಡೆಯ ಹರಿವನ್ನು ತಿದ್ದುತ್ತಿರುತ್ತದೆ, ತಣ್ಣೀರು ನಿಂತೇಹೋದರೆ ಬಿಸಿಯನ್ನೂ ತಡೆಯುತ್ತದೆ.

ಮೇಲಿನ ಮಹಡಿಯವರ ಕಥೆ ಬೇರೆ. ಹತ್ತು ಮೀಟರ್ ಎತ್ತರದ ನೀರು ಕೊಡುವ ಒತ್ತಡ ಸುಮಾರು ಒಂದು ಬಾರ್. ತೊಟ್ಟಿಯಿಂದ ಮೂರು ಮೀಟರ್ ಕೆಳಗಿರುವ ಶವರ್‌ಗೆ ಸಿಗುವುದು 0.3 ಬಾರ್ ಮಾತ್ರ. ಅಷ್ಟು ಸಣ್ಣ ಒತ್ತಡದಲ್ಲಿ ಗೀಸರ್‌ನ ವಾಲ್ವ್, ಸುತ್ತುಬಳಸಿನ ಕೊಳವೆ, ಅದರ ಮೊಣಕೈ ತಿರುವುಗಳೆಲ್ಲ ಬಿಸಿನೀರಿನ ದಾರಿಯನ್ನು ಇನ್ನಷ್ಟು ಕಟ್ಟಿಹಾಕುತ್ತವೆ. ನೇರ ದಾರಿಯ ತಣ್ಣೀರು ಗೆಲ್ಲುತ್ತದೆ. ಒತ್ತಡ ಸಾಲದೆಂದು ಪಂಪ್ ಹಾಕಿಸುವಾಗ ಅದನ್ನು ತಣ್ಣೀರಿನ ಕೊಳವೆಗೆ ಮಾತ್ರ ಜೋಡಿಸುವುದನ್ನು ಹಲವು ಮನೆಗಳಲ್ಲಿ ನೋಡಿದ್ದೇನೆ. ಆಮೇಲೆ ಬಿಸಿನೀರು ಮಿಕ್ಸರ್‌ನೊಳಗೆ ಕಾಲಿಡಲೂ ಆಗುವುದಿಲ್ಲ. ಪಂಪ್‌ನ ಒತ್ತಡ ಎರಡೂ ಕೊಳವೆಗಳಿಗೆ ಸಮನಾಗಿ ಸಿಗಬೇಕು.

ಪಂಪ್‌ವರೆಗೆ ಹೋಗುವ ಮೊದಲು ಒಂದೊಂದು ಕೊಳವೆಯ ನೀರನ್ನು ತೆರೆದು ಮುಚ್ಚಲು ಗೋಡೆಯಲ್ಲಿರುವ ಆ್ಯಂಗಲ್ ವಾಲ್ವ್‌ಗಳು ಪೂರ್ತಿ ತೆರೆದಿವೆಯೇ ಎಂದು ನೋಡಿ. ಮಿಕ್ಸರ್‌ನ ಬಿಸಿ ಕಡೆಯ ಜಾಲರಿಯನ್ನು ಬಿಚ್ಚಿ ತೊಳೆಯಿರಿ. ಮರಳು, ಸುಣ್ಣದ ಚೂರು, ಹಳೆಯ ವಾಷರ್‌ನ ತುಣುಕು ಅಲ್ಲಿ ಸಿಕ್ಕಿಕೊಂಡಿರುತ್ತವೆ.

ನಮ್ಮ ಮನೆಯ ಕಳ್ಳದಾರಿ

ಈಗ ನಮ್ಮ ತೊಂದರೆಗೆ ಬರುತ್ತೇನೆ. ಅಕ್ಕಪಕ್ಕದ ಎರಡು ಬಚ್ಚಲುಗಳಿಗೆ ನಮ್ಮಲ್ಲಿ ಒಂದೇ ಗೀಸರ್. ಬಕೆಟ್ ಪರೀಕ್ಷೆ ಮಾಡಿದರೆ ಒಂದು ದಿನ 58 ಡಿಗ್ರಿ, ಇನ್ನೊಂದು ದಿನ 41. ಕಾಯಿಲ್ ಕೆಟ್ಟಿದ್ದರೆ ಪ್ರತಿದಿನ ಕೆಟ್ಟಿರಬೇಕು. ದಿನ ಬಿಟ್ಟು ದಿನ ಬರುವ ರೋಗಕ್ಕೆ ದಿನ ಬಿಟ್ಟು ದಿನ ನಡೆಯುವ ಯಾವುದೋ ಕೆಲಸವೇ ಕಾರಣವಾಗಿರಬೇಕು. ಒಂದು ವಾರ ಹಾಳೆಯ ಮೇಲೆ ಯಾರು ಯಾವಾಗ ಸ್ನಾನ ಮಾಡಿದರು ಎಂದು ಬರೆದಿಟ್ಟೆ. ಅಮ್ಮ ಮೊದಲು ಸ್ನಾನ ಮಾಡಿದ ದಿನಗಳಲ್ಲಿ ಮಾತ್ರ ಈಚೆಯ ಬಚ್ಚಲಿನ ನೀರು ತಣ್ಣಗಿರುತ್ತಿತ್ತು.

ಅಮ್ಮ ಬಳಸುವುದು ಕೈಯಲ್ಲಿ ಹಿಡಿಯುವ ಶವರ್. ಅದರ ಹಿಡಿಯಲ್ಲಿ ನೀರು ನಿಲ್ಲಿಸುವ ಗುಂಡಿ ಇದೆ. ಸ್ನಾನ ಮುಗಿದ ಮೇಲೆ ಅವರು ಆ ಗುಂಡಿಯನ್ನು ಒತ್ತಿ ನೀರು ನಿಲ್ಲಿಸುತ್ತಿದ್ದರು. ಬಗ್ಗಿ ಗೋಡೆಯ ಮಿಕ್ಸರ್ ಮುಚ್ಚುವುದು ಮೊಣಕಾಲು ನೋವಿನವರಿಗೆ ಕಷ್ಟ. ಹೊರಗೆ ಒಂದು ಹನಿಯೂ ಬೀಳದ ಕಾರಣ ಎಲ್ಲ ಸರಿಯಿದೆ ಎಂದೇ ನಮಗೆ ಕಾಣುತ್ತಿತ್ತು. ಆದರೆ ಮಿಕ್ಸರ್‌ನ ಒಳಗೆ ಬಿಸಿ ಮತ್ತು ತಣ್ಣನೆಯ ಎರಡೂ ಬಾಗಿಲುಗಳು ತೆರೆದೇ ಇರುತ್ತಿದ್ದವು. ಎರಡು ಕೊಳವೆಗಳ ನಡುವೆ ಒಂದು ಸೇತುವೆ ಬಿದ್ದ ಹಾಗೆ. ಈಚೆಯ ಬಚ್ಚಲಿನಲ್ಲಿ ನಾನು ಬಿಸಿನೀರು ತೆರೆದಾಗ ಬಿಸಿ ಕೊಳವೆಯ ಒತ್ತಡ ಇಳಿಯುತ್ತದೆ. ಗೀಸರ್ ಮೂಲಕ ಬರುವ ದಾರಿ ಇಕ್ಕಟ್ಟು, ಅಮ್ಮನ ಮಿಕ್ಸರ್ ಮೂಲಕ ಬರುವ ದಾರಿ ಸಲೀಸು. ತಣ್ಣೀರು ಆ ಕಳ್ಳದಾರಿಯಲ್ಲಿ ನುಗ್ಗಿ ಬಿಸಿ ಕೊಳವೆಯೊಳಗೇ ಸೇರಿಕೊಳ್ಳುತ್ತಿತ್ತು. ನಾನು ಹಿಡಿಯನ್ನು ಪೂರ್ತಿ ಬಿಸಿಗೆ ತಿರುಗಿಸಿದರೂ ನನಗೆ ಬರುತ್ತಿದ್ದದ್ದು ಅದಾಗಲೇ ಬೆರೆತ ನೀರು. 25 ಅಲ್ಲ, 50 ಲೀಟರ್ ಗೀಸರ್ ತಂದಿದ್ದರೂ ಫಲ ಅದೇ ಆಗುತ್ತಿತ್ತು.

ಇದನ್ನು ಪರೀಕ್ಷಿಸುವ ವಿಧಾನವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಗೀಸರ್‌ನ ಸ್ವಿಚ್ ಆರಿಸಿ. ಗೀಸರ್‌ಗೆ ತಣ್ಣೀರು ಹೋಗುವ ವಾಲ್ವನ್ನು ಮುಚ್ಚಿ. ಈಗ ಯಾವುದಾದರೂ ಒಂದು ಬಿಸಿ ನಲ್ಲಿಯನ್ನು ಮಾತ್ರ ತೆರೆಯಿರಿ. ಕೊಳವೆಯಲ್ಲಿ ಉಳಿದ ಸ್ವಲ್ಪ ನೀರು ಸುರಿದು ನಿಲ್ಲಬೇಕು. ಒಂದು ನಿಮಿಷ ಕಳೆದರೂ ನೀರು ಹರಿಯುತ್ತಲೇ ಇದ್ದರೆ ಅದು ಗೀಸರ್‌ನಿಂದ ಬರುತ್ತಿಲ್ಲ, ಮನೆಯ ಇನ್ನೆಲ್ಲೋ ಒಂದು ಮಿಕ್ಸರ್ ತಣ್ಣೀರನ್ನು ದಾಟಿಸುತ್ತಿದೆ. ಒಂದೊಂದೇ ಮಿಕ್ಸರ್‌ನ ಆ್ಯಂಗಲ್ ವಾಲ್ವ್‌ಗಳನ್ನು ಮುಚ್ಚುತ್ತಾ ಬನ್ನಿ. ಯಾವುದನ್ನು ಮುಚ್ಚಿದಾಗ ಹರಿವು ನಿಲ್ಲುತ್ತದೋ ಅಲ್ಲಿ ಕಳ್ಳದಾರಿ. ಕೈಶವರ್ ಇಲ್ಲದ ಮನೆಯಲ್ಲಿಯೂ ಹೀಗಾಗಬಹುದು. ಒಂದೇ ಹಿಡಿಯ ಮಿಕ್ಸರ್‌ನೊಳಗೆ ನೀರನ್ನು ತೆರೆದು ಮುಚ್ಚುವ ಸೆರಾಮಿಕ್ ಕಾರ್ಟ್ರಿಜ್ ಸವೆದರೆ ಹಿಡಿ ಮುಚ್ಚಿದ್ದರೂ ಒಳಗೆ ನೀರು ದಾಟುತ್ತಿರುತ್ತದೆ. ಅಡುಗೆಮನೆಯ ಸಿಂಕ್‌ನ ಮಿಕ್ಸರನ್ನು ಮರೆಯಬೇಡಿ. ಪರಿಹಾರ ದೊಡ್ಡದಲ್ಲ: ಸವೆದ ಕಾರ್ಟ್ರಿಜ್ ಬದಲಿಸುವುದು, ಆ ಮಿಕ್ಸರ್‌ನ ಎರಡೂ ಮೂತಿಗಳಿಗೆ ನೀರು ಹಿಂದಕ್ಕೆ ಹೋಗದಂತೆ ತಡೆಯುವ ನಾನ್‌ರಿಟರ್ನ್ ವಾಲ್ವ್ ಹಾಕಿಸುವುದು. ನಾವು ಎರಡು ವಾಲ್ವ್ ಹಾಕಿಸಿದೆವು, ಮಿಕ್ಸರನ್ನು ಅಮ್ಮನ ಕೈಗೆ ಎಟುಕುವ ಎತ್ತರಕ್ಕೆ ಏರಿಸಿದೆವು.

ತಾರಸಿಯ ಮೇಲೆ

30×40 ನಿವೇಶನದ ಬೆಂಗಳೂರು ಮನೆಗಳ ತಾರಸಿಯಲ್ಲಿ ಸೋಲಾರ್ ಹೀಟರ್ ಈಗ ತುಳಸಿಕಟ್ಟೆಯಷ್ಟೇ ಸಹಜ. ಅದರ ಸ್ವಭಾವ ಗೀಸರ್‌ನದಕ್ಕಿಂತ ಬೇರೆ. ಕೊಳವೆಗಳಲ್ಲಿ ಬಿಸಿಯಾದ ನೀರು ತಾನಾಗಿಯೇ ತೊಟ್ಟಿಗೆ ಏರುತ್ತದೆ, ತಣ್ಣಗಿನದು ಕೆಳಗಿಳಿಯುತ್ತದೆ; ಇದಕ್ಕೆ ಪಂಪ್ ಬೇಡ. ಆದರೆ ತೊಟ್ಟಿಯ ಬಿಸಿನೀರನ್ನು ಮನೆಯೊಳಕ್ಕೆ ತಳ್ಳುವುದು ತಣ್ಣೀರಿನ ತೊಟ್ಟಿಯ ಎತ್ತರವೇ. ತಣ್ಣೀರಿನ ಮಟ್ಟ ಸೋಲಾರ್ ತೊಟ್ಟಿಯ ಬಿಸಿನೀರಿನ ಮೂತಿಗಿಂತ ಕೆಳಗಿಳಿದರೆ ತಣ್ಣೀರು ಬರುತ್ತಲೇ ಇರುತ್ತದೆ, ಬಿಸಿನೀರು ಮಾತ್ರ ನಿಂತುಬಿಡುತ್ತದೆ. ‘ಬೆಳಿಗ್ಗೆ ಚೆನ್ನಾಗಿತ್ತು, ಹತ್ತು ಗಂಟೆಗೆ ಬಿಸಿನೀರು ಸಣ್ಣಗಾಯಿತು, ಮೋಟಾರ್ ಹಾಕಿದ ಮೇಲೆ ಸರಿಯಾಯಿತು’ ಎಂದು ಯಾರಾದರೂ ಹೇಳಿದರೆ ಉತ್ತರ ಅಲ್ಲಿಯೇ ಇದೆ. ತಣ್ಣೀರಿನ ತೊಟ್ಟಿಯ ಪೀಠ ಕುಳ್ಳಗಿದೆ.

ಸೋಲಾರ್ ತೊಟ್ಟಿಯ ನೆತ್ತಿಯಿಂದ ಆಕಾಶಕ್ಕೆ ಬಾಯಿ ತೆರೆದು ನಿಂತ ಒಂದು ಗಾಳಿ ಕೊಳವೆ ಇರುತ್ತದೆ. ಅದು ದೊಡ್ಡ ಸಾಕ್ಷಿದಾರ. ಮನೆಯೊಳಗೆ ಪಂಪ್ ಓಡುವಾಗ ಆ ಕೊಳವೆಯಿಂದ ನೀರು ಉಕ್ಕಿದರೆ, ತಣ್ಣೀರು ಯಾವುದೋ ಮಿಕ್ಸರ್ ದಾಟಿ ಬಿಸಿ ಕೊಳವೆಯಲ್ಲಿ ಹಿಂದಕ್ಕೆ ಏರಿ ಸೋಲಾರ್ ತೊಟ್ಟಿಯನ್ನೇ ತಣ್ಣಗಾಗಿಸುತ್ತಿದೆ ಎಂದರ್ಥ. ನಮ್ಮ ಮನೆಯ ಕಳ್ಳದಾರಿಯೇ, ಇನ್ನೂ ದೊಡ್ಡ ಪ್ರಮಾಣದಲ್ಲಿ. ಸಂಜೆ ಕಾದ ನೂರು ಲೀಟರ್ ಬೆಳಗಾಗುವಷ್ಟರಲ್ಲಿ ಬೆಚ್ಚಗಾಗಲು ಇಷ್ಟು ಸಾಕು.

ನಲ್ಲಿ ತೆರೆದಾಗ ನೀರು ಸೀನಿದ ಹಾಗೆ ಚಿಮ್ಮಿ ಚಿಮ್ಮಿ ಬರುತ್ತಿದೆಯೇ? ಕೊಳವೆಯಲ್ಲಿ ಗಾಳಿ ಕಟ್ಟಿದೆ. ಬಿಸಿಯಾದ ನೀರಿನಿಂದ ಕರಗಿದ ಗಾಳಿ ಹೊರಬರುತ್ತದೆ. ತಾರಸಿಯ ಗೋಡೆ ಹತ್ತಿ ಇಳಿಯುವಾಗ ಕೊಳವೆ ಎಲ್ಲಿ ಒಂಟೆಯ ಡುಬ್ಬದಂತೆ ಏರುತ್ತದೋ ಅಲ್ಲಿ ಅದು ಕೂತುಬಿಡುತ್ತದೆ. ಡುಬ್ಬವನ್ನು ತೆಗೆಯುವುದು ಅಥವಾ ಅಲ್ಲಿಯೇ ಗಾಳಿ ಹೋಗುವ ದಾರಿ ಕೊಡುವುದು ಶಾಶ್ವತ ಪರಿಹಾರ.

ಮೊದಲಿಗೆ ಬರುವ ತಣ್ಣೀರು ದೋಷವಲ್ಲ. ಒಂದು ಇಂಚಿನ ಕೊಳವೆಯಲ್ಲಿ ಮೀಟರಿಗೆ ಅರ್ಧ ಲೀಟರಿಗೆ ಹತ್ತಿರದಷ್ಟು ನೀರು ನಿಂತಿರುತ್ತದೆ. ತಾರಸಿಯಿಂದ ನೆಲಮಹಡಿಯ ಬಚ್ಚಲಿಗೆ 20 ಮೀಟರ್ ಇದ್ದರೆ ಎಂಟರಿಂದ ಹತ್ತು ಲೀಟರ್ ರಾತ್ರಿಯಿಡೀ ತಣ್ಣಗಾದ ನೀರು ಮೊದಲು ಹೊರಬರಲೇಬೇಕು. ಕೊಳವೆಗೆ ಕವಚ ಹೊದಿಸಿದರೆ ಒಬ್ಬರ ಸ್ನಾನಕ್ಕೂ ಇನ್ನೊಬ್ಬರ ಸ್ನಾನಕ್ಕೂ ನಡುವೆ ಅದು ಆರುವುದು ತಡವಾಗುತ್ತದೆ. ಆ ಮೊದಲ ಬಕೆಟ್ ನೀರನ್ನು ಚರಂಡಿಗೆ ಬಿಡದೆ ಗಿಡಕ್ಕೋ ನೆಲ ಒರೆಸಲೋ ಎತ್ತಿಡಿ. ನೀರಿಗಾಗಿ ಟ್ಯಾಂಕರ್ ಕಾಯುವ ಊರಿನಲ್ಲಿ ದಿನಕ್ಕೆ ಹತ್ತು ಲೀಟರ್ ಕಡಿಮೆಯೇನಲ್ಲ.

ಜುಲೈ, ಆಗಸ್ಟ್‌ನ ಮೋಡದ ದಿನಗಳಲ್ಲಿ ಬಿಸಿ ಇಳಿಯುವುದು ಸಹಜ. ಸೂರ್ಯ ಮುಳುಗಿದ ಮೇಲೆ ಬಿಸಿನೀರನ್ನು ಹೆಚ್ಚು ಬಳಸಿದರೂ ಬೆಳಿಗ್ಗೆ ಕೊರತೆ ಬೀಳುತ್ತದೆ, ಏಕೆಂದರೆ ತೊಟ್ಟಿಗೆ ಸೇರಿದ ಹೊಸ ತಣ್ಣೀರನ್ನು ಕಾಯಿಸಲು ರಾತ್ರಿ ಬಿಸಿಲಿಲ್ಲ. ಗಾಜಿನ ಕೊಳವೆಗಳಿರುವ ಹೀಟರಾದರೆ ಪ್ರತಿ ಕೊಳವೆಯ ತುದಿಯನ್ನು ನೋಡಿ. ಅಲ್ಲಿ ಬೆಳ್ಳಿಯ ಹೊಳಪಿದ್ದರೆ ಒಳಗಿನ ನಿರ್ವಾತ ಗಟ್ಟಿಯಾಗಿದೆ. ಹಾಲಿನಂತೆ ಬಿಳಿಚಿದ್ದರೆ ಗಾಳಿ ಹೊಕ್ಕಿದೆ, ಆ ಕೊಳವೆ ಬಿಸಿಯನ್ನು ಹಿಡಿದಿಡುವುದಿಲ್ಲ.

ಗಡಸು ನೀರು

ಮನೆಗೆ ಕೆಲವು ದಿನ ಕಾವೇರಿ, ಉಳಿದ ದಿನ ಬೋರ್‌ವೆಲ್ ಅಥವಾ ಟ್ಯಾಂಕರ್. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಮ್ ಒಳಗಿದ್ದರೆ ಒಳ್ಳೆಯದು. ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು. ಗಡಸು ನೀರು ಕಾದಾಗ ಅದರಲ್ಲಿ ಕರಗಿದ್ದ ಬೈಕಾರ್ಬೊನೇಟ್ ಒಡೆದು ಸುಣ್ಣದ ಪದರವಾಗಿ ಕಾಯಿಲ್ ಮೇಲೆ ಕೂರುತ್ತದೆ. ಸುಣ್ಣ ಹಿಡಿದ ಕಾಯಿಲ್ ವಿದ್ಯುತ್ತನ್ನು ವಿಪರೀತ ತಿನ್ನುತ್ತದೆ ಎಂದು ಹೇಳುವುದುಂಟು. ಅದು ಪೂರ್ತಿ ಸರಿಯಲ್ಲ. ಕಾಯಿಲ್ ನೀರಿನೊಳಗೇ ಮುಳುಗಿರುವುದರಿಂದ ಅದರ ಬಿಸಿ ಕೊನೆಗೆ ನೀರಿಗೇ ಸೇರಬೇಕು. ನಿಜವಾದ ಹಾನಿ ಬೇರೆ. ಬಿಸಿಯನ್ನು ಬೇಗ ಬಿಟ್ಟುಕೊಡಲಾಗದ ಕಾಯಿಲ್ ತಾನೇ ಕೆಂಡವಾಗಿ ಸುಟ್ಟುಹೋಗುತ್ತದೆ. ಥರ್ಮೋಸ್ಟಾಟ್‌ನ ಕಡ್ಡಿಯ ಸುತ್ತ ಸುಣ್ಣ ಕಟ್ಟಿದರೆ ಅದು ನೀರಿನ ಬಿಸಿಯನ್ನು ತಪ್ಪಾಗಿ ಓದುತ್ತದೆ, ಒಮ್ಮೆ ಬೇಗ ಆರಿಸಿಬಿಡುತ್ತದೆ, ಒಮ್ಮೆ ತಡಮಾಡುತ್ತದೆ. ಬಿಸಿ ಮಿತಿಮೀರಿದಾಗ ವಿದ್ಯುತ್ ತಡೆಯಲು ಸುರಕ್ಷತೆಗೆಂದು ಇಟ್ಟ ಕಟ್‌ಔಟ್ ಒಮ್ಮೆ ವಿದ್ಯುತ್ತನ್ನು ಕಡಿದರೆ, ಯಾರಾದರೂ ಕೈಯಿಂದ ಒತ್ತಿ ಎಬ್ಬಿಸುವವರೆಗೆ ಗೀಸರ್ ಏಳುವುದಿಲ್ಲ. ಬೋರ್‌ವೆಲ್ ನೀರಿನ ಮನೆಯಲ್ಲಿ ವರ್ಷಕ್ಕೊಮ್ಮೆ ಗೀಸರ್ ತೆರೆಸಿ ಸುಣ್ಣ ತೆಗೆಸಿ. ಅದೇ ಹೊತ್ತಿಗೆ ಒಳಗಿನ ಮೆಗ್ನೀಸಿಯಂ ಕಡ್ಡಿಯನ್ನೂ ನೋಡಿಸಿ. ತೊಟ್ಟಿಯ ಬದಲು ತಾನು ಸವೆದು ಉಕ್ಕನ್ನು ತುಕ್ಕಿನಿಂದ ಕಾಯುವ ಕಡ್ಡಿ ಅದು. ಸವೆದು ತಂತಿಯಷ್ಟಾಗಿದ್ದರೆ ಮುಂದಿನ ಸರದಿ ತೊಟ್ಟಿಯದು.

ನೀರು ಕಾಯುವಾಗ ಗೀಸರ್‌ನ ಸುರಕ್ಷತಾ ವಾಲ್ವ್ ಹನಿಯುತ್ತಿದ್ದರೆ ಗಾಬರಿ ಬೇಡ. 15 ಲೀಟರ್ ನೀರು 20ರಿಂದ 60ಕ್ಕೆ ಕಾದಾಗ ಸುಮಾರು 225 ಮಿಲಿಲೀಟರ್ ಹಿಗ್ಗುತ್ತದೆ, ಅದು ಎಲ್ಲಿಗಾದರೂ ಹೋಗಬೇಕು. ಆ ಮೂತಿಗೆ ಬಿರಡೆ ಜಡಿಯುವುದನ್ನು ಮಾತ್ರ ಯಾವ ಕಾರಣಕ್ಕೂ ಮಾಡಬೇಡಿ. ಹೊರಹೋಗಲು ದಾರಿಯಿಲ್ಲದ ಒತ್ತಡ ತೊಟ್ಟಿಯನ್ನೇ ಒಡೆಯಬಲ್ಲದು.

ಇನ್‌ಸ್ಟಂಟ್ ಮತ್ತು ಗ್ಯಾಸ್

ಮೂರು ಕಿಲೋವ್ಯಾಟ್‌ನ ಪುಟ್ಟ ಇನ್‌ಸ್ಟಂಟ್ ಗೀಸರ್ ನಿಮಿಷಕ್ಕೆ ಎರಡು ಲೀಟರ್ ಹರಿಯುವ ನೀರನ್ನು 21 ಡಿಗ್ರಿ ಏರಿಸುತ್ತದೆ, ಮೂರು ಲೀಟರ್ ಹರಿದರೆ 14 ಡಿಗ್ರಿ ಮಾತ್ರ. ಶವರ್‌ಗೆ ಇದು ಸಾಲದು. ಯಾವ ದುರಸ್ತಿಯೂ ಈ ಲೆಕ್ಕವನ್ನು ಬದಲಿಸಲಾರದು. ನಲ್ಲಿಯನ್ನು ತೀರಾ ಸಣ್ಣಗೆ, ನಿಮಿಷಕ್ಕೆ ಒಂದು ಲೀಟರಿನಷ್ಟು ಬಿಟ್ಟರೆ ನೀರು 60 ದಾಟಿ ಥರ್ಮೋಸ್ಟಾಟ್ ಆರಿಸುತ್ತದೆ, ತಣ್ಣೀರು ಬರುತ್ತದೆ, ಮತ್ತೆ ಹೊತ್ತಿಕೊಳ್ಳುತ್ತದೆ. ಬಿಸಿ, ತಣ್ಣಗೆ, ಬಿಸಿ ಎಂದು ಉಯ್ಯಾಲೆಯಾಡುವುದು ಇದರಿಂದ. ಕೈತೊಳೆಯಲು, ಪಾತ್ರೆ ತೊಳೆಯಲು ಇದು ಒಳ್ಳೆಯದು, ಬಕೆಟ್ ತುಂಬಲೂ ಪರವಾಗಿಲ್ಲ.

ಗ್ಯಾಸ್ ಗೀಸರ್‌ನಲ್ಲಿ ಉರಿ ಹೊತ್ತಿಸುವುದು ನೀರಿನ ಹರಿವೇ. ಹರಿವು ಒಂದು ರಬ್ಬರ್ ಪೊರೆಯನ್ನು ತಳ್ಳಿ ಅನಿಲದ ಬಾಗಿಲು ತೆರೆಯುತ್ತದೆ. ನೀರು ಹೆಚ್ಚು ಬಿಸಿಯಾಯಿತೆಂದು ಮಿಕ್ಸರ್‌ನಲ್ಲಿ ತಣ್ಣೀರು ಸೇರಿಸುತ್ತಾ ಹೋದರೆ ಬಿಸಿ ಕೊಳವೆಯ ಹರಿವು ಕುಗ್ಗಿ ಪೊರೆ ಹಿಂದೆ ಸರಿಯುತ್ತದೆ, ಉರಿ ಆರುತ್ತದೆ, ತಲೆಯ ಮೇಲೆ ತಣ್ಣೀರು. ಇಲ್ಲಿ ಹದವನ್ನು ಮಿಕ್ಸರ್‌ನಲ್ಲಿ ಹುಡುಕಬಾರದು. ಬಿಸಿಯನ್ನು ಪೂರ್ತಿ ತೆರೆದು, ಗೀಸರ್‌ನ ಅನಿಲದ ತಿರುಗಣೆಯನ್ನು ತಗ್ಗಿಸಿ, ಬರುವ ನೀರೇ 40ರ ಆಸುಪಾಸು ಇರುವಂತೆ ಮಾಡಿಕೊಳ್ಳಿ. ಕಿಡಿ ಹೊತ್ತಿಸುವ ಬ್ಯಾಟರಿಗಳು ಸೋತರೂ ಉರಿ ಕೈಕೊಡುತ್ತದೆ. ಹಲವು ಮಾದರಿಗಳು 20 ನಿಮಿಷಕ್ಕೆ ತಾವಾಗಿಯೇ ಆರುತ್ತವೆ. ಅದು ದೋಷವಲ್ಲ, ಜೀವ ಉಳಿಸಲು ಇಟ್ಟದ್ದು.

ಏಕೆಂದರೆ ಗ್ಯಾಸ್ ಗೀಸರ್ ಗಾಳಿಯಾಡದ ಬಚ್ಚಲಿನಲ್ಲಿ ಕೊಲ್ಲುತ್ತದೆ. ಆಮ್ಲಜನಕ ಸಾಲದೆ ಉರಿಯುವ ಜ್ವಾಲೆ ಕಾರ್ಬನ್ ಮಾನಾಕ್ಸೈಡ್ ಹೊರಸೂಸುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ, ಕಾಲು ಸೋತಂತಾಗುವುದು, ಆಮೇಲೆ ಎಚ್ಚರ ತಪ್ಪುವುದು. ಕರ್ನಾಟಕದ ಊರುಗಳಿಂದ ಪ್ರತಿ ಚಳಿಗಾಲ ಇಂಥ ಸಾವಿನ ಸುದ್ದಿಗಳನ್ನು ಓದುತ್ತೇವೆ. ಓದಿದಾಗಲೆಲ್ಲ ಮನಸ್ಸು ಕಲಕುತ್ತದೆ, ತಡೆಯಬಹುದಾಗಿದ್ದ ಸಾವುಗಳವು. ಗ್ಯಾಸ್ ಗೀಸರ್ ಬಚ್ಚಲಿನ ಹೊರಗೆ, ಗಾಳಿಯಾಡುವ ಬಾಲ್ಕನಿಯಲ್ಲೋ ಯುಟಿಲಿಟಿಯಲ್ಲೋ ಇರಬೇಕು, ಅದರ ಹೊಗೆ ಹೊರಗೆ ಹೋಗಬೇಕು. ಉರಿಯ ಬಣ್ಣ ನೀಲಿಯಿಂದ ಹಳದಿಗೆ ತಿರುಗಿದ್ದರೆ, ಸುತ್ತ ಮಸಿ ಕಂಡರೆ ಅಂದೇ ಬಳಕೆ ನಿಲ್ಲಿಸಿ ತಜ್ಞರನ್ನು ಕರೆಸಿ. ಸ್ನಾನಕ್ಕೆ ಹೋದವರು ಕೂಗಿದರೂ ಓಗೊಡದಿದ್ದರೆ ಸಿಲಿಂಡರ್ ಮುಚ್ಚಿ, ಕಿಟಕಿ ಬಾಗಿಲುಗಳನ್ನು ತೆರೆದು ಅವರನ್ನು ಕೂಡಲೇ ತೆರೆದ ಗಾಳಿಗೆ ತನ್ನಿ, 108ಕ್ಕೆ ಕರೆ ಮಾಡಿ.